ಒಬ್ಬನೇ ಮನುಷ್ಯ, ಮೂರು ಟೆಸ್ಟು, ಮೂರು ರಿಸಲ್ಟು: ಪರ್ಸನಾಲಿಟಿ ಟೆಸ್ಟ್ ನೋಡಿ ದಾರಿ ಆರಿಸಬಹುದಾ?

ಗೊಂದಲಪುರ
ಎಲ್ಲರಿಗೂ ನಮಸ್ಕಾರ. ಡಿಗ್ರಿ ಕೊನೆ ಸೆಮಿಸ್ಟರ್‌ನವರಿಗೆ ಈಗ ಯಾರನ್ನ ಕೇಳಿದರೂ ಒಂದೇ ಉಪದೇಶ: ‘ಮೊದಲು ಒಂದು ಪರ್ಸನಾಲಿಟಿ ಟೆಸ್ಟ್ ತಗೊ, ನಿನ್ನ ಸ್ವಭಾವ ಏನು ಅಂತ ತಿಳ್ಕೊ, ಆಮೇಲೆ ಯಾವ ಲೈನು ಅಂತ ನೋಡು.’ ಸರಿ ಅಂತ ತಗೊಂಡರೆ ನಾಲ್ಕಕ್ಷರದ ‘ಟೈಪ್’ ಕೊಡ್ತಾರೆ: ಮೊದಲ ಸಲ ಐಎನ್‌ಎಫ್‌ಪಿ, ಹತ್ತು ದಿನ ಬಿಟ್ಟು ಅದೇ ಸೈಟಲ್ಲಿ ಐಎನ್‌ಟಿಪಿ. ಮೊದಲನೇದರ ಕೆಳಗೆ ಬರಹಗಾರ, ಕೌನ್ಸೆಲರ್ ಅಂತ ಪಟ್ಟಿ. ಎರಡನೇದರ ಕೆಳಗೆ ಪ್ರೋಗ್ರಾಮರ್, ವಿಜ್ಞಾನಿ. ಮೂರನೇ ಟೆಸ್ಟಿನವರು ಅಕ್ಷರ ಬಿಟ್ಟು ಬಣ್ಣದ ಚಕ್ರ ಕೊಟ್ಟಿದ್ದಾರೆ.

ಯಾವ ಟೆಸ್ಟ್ ನಂಬಬಹುದು, ಹೇಗೆ ತಗೋಬೇಕು, ರಿಸಲ್ಟ್‌ನಿಂದ ಕೆಲಸದವರೆಗೆ ಹೋಗೋದು ಹೇಗೆ? ‘ಎಲ್ಲಾ ಬೋಗಸ್’ ಅನ್ನೋ ಒಂದು ಸಾಲಿನ ಉತ್ತರ ದಯವಿಟ್ಟು ಬೇಡ.

ಕಡ್ಲೆಕಾಯ್
ಎಲ್ಲಾ ಬೋಗಸ್.

ಅಂಕಿಅಜ್ಜ
@ಗೊಂದಲಪುರ ಅಕ್ಷರ ಯಾಕೆ ಬದಲಾಯ್ತು ಅನ್ನೋದಕ್ಕೆ ಲೆಕ್ಕ ಇದೆ. ನಾಲ್ಕು ಜೋಡಿ ಇರ್ತವೆ: ಇ–ಐ (ಹೊರಮುಖಿ–ಒಳಮುಖಿ), ಎಸ್–ಎನ್ (ಕಣ್ಣಿಗೆ ಕಾಣೋ ವಿವರ–ಒಳಹೊಳಹು), ಟಿ–ಎಫ್ (ತರ್ಕ–ಭಾವನೆ), ಜೆ–ಪಿ (ಯೋಜನೆ ಹಾಕಿ ನಡೆಯೋರು–ಬಂದ ಹಾಗೆ ನಡೆಯೋರು). ಪ್ರತಿ ಜೋಡಿಯ ಹಿಂದೆಯೂ ಒಂದು ಅಂಕ ಇದೆ. ಅದು ನಡುಗೆರೆಯಿಂದ ಆ ಕಡೆ ಬಿದ್ದರೆ ಟಿ, ಈ ಕಡೆ ಬಿದ್ದರೆ ಎಫ್. ಐದೂವರೆ ಅಡಿ ಮೇಲಿದ್ದವರೆಲ್ಲ ‘ಉದ್ದ’, ಕೆಳಗಿದ್ದವರೆಲ್ಲ ‘ಗಿಡ್ಡ’ ಅಂದ ಹಾಗೆ. ಆದರೆ ಜನ ಎರಡು ತುದಿಗೆ ಗುಂಪು ಕಟ್ಟಿಕೊಂಡು ನಿಂತಿರಲ್ಲ, ಬಹುಪಾಲು ನಡುವೆಯೇ ಇರ್ತಾರೆ. ಗೆರೆ ಪಕ್ಕದಲ್ಲಿದ್ದವರು ಇವತ್ತು ಟಿ, ಮುಂದಿನ ವಾರ ಎಫ್.

ಒಂದೊಂದು ಅಕ್ಷರವೂ ಎರಡನೇ ಸಲ ಅದೇ ಬರೋ ಸಾಧ್ಯತೆ ಶೇ. 85 ಅಂತ ಇಟ್ಟುಕೊಳ್ಳಿ, ಅದೇನು ಕೆಟ್ಟದ್ದಲ್ಲ. ನಾಲ್ಕಕ್ಕೆ ನಾಲ್ಕೂ ಅದೇ ಬರಬೇಕಂದ್ರೆ 0.85 × 0.85 × 0.85 × 0.85, ಅಂದ್ರೆ 0.52. ಹೆಚ್ಚುಕಮ್ಮಿ ಅರ್ಧ ಜನಕ್ಕೆ ‘ಟೈಪ್’ ಬದಲಾಗೇ ಆಗತ್ತೆ. ಹತ್ತು ದಿನದಲ್ಲಿ ನಿಮ್ಮ ಸ್ವಭಾವ ಏನೂ ಬದಲಾಗಿಲ್ಲ.

ಕಡ್ಲೆಕಾಯ್
ಅಂದ್ರೆ ನಾನು ಹೇಳಿದ್ದೇ ಸರಿ.

ಅಂಕಿಅಜ್ಜ
ಅಲ್ಲಪ್ಪ. ತಕ್ಕಡಿ ಸುಮಾರಾಗಿ ಸರಿಯಾಗೇ ತೂಗ್ತಿದೆ. ಅಂಗಡಿಯವನು ಎಷ್ಟು ಕೇಜಿ ಅಂತ ಹೇಳೋ ಬದಲು ‘ಜಾಸ್ತಿ’, ‘ಕಮ್ಮಿ’ ಅಂತ ಚೀಟಿ ಬರೆದು ಕೊಡ್ತಿದ್ದಾನೆ. ತಕರಾರು ಚೀಟಿ ಮೇಲೆ.

ಗಿರ್ಮಿಟ್ ಗೌಡ್ರು
ಅಜ್ಜಾರ, ಸಣ್ಣ ತಿದ್ದುಪಡಿ ಐತ್ರಿ. ನಾಕು ಅಕ್ಷರ ಅಂದ್ರ ಎಲ್ಲಾರೂ ಎಂಬಿಟಿಐ (ಮೈಯರ್ಸ್–ಬ್ರಿಗ್ಸ್ ಟೈಪ್ ಇಂಡಿಕೇಟರ್) ಅನ್ಕೋತಾರ, ಆದ್ರ ಗೊಂದಲಪುರದವರು ತಗೊಂಡದ್ದು ಅದಲ್ಲ ಅನಸ್ತೈತಿ. ಪುಕ್ಕಟ ಸಿಗೋದು ‘16ಪರ್ಸನಾಲಿಟೀಸ್’, ನಾಕು ಅಕ್ಷರದ ಮುಂದ ಒಂದು ಅಡ್ಡಗೆರಿ ಹಾಕಿ ಎ ಇಲ್ಲಾ ಟಿ ಅಂತ ಐದನೇದು ಕೊಡ್ತಾರ ನೋಡ್ರಿ, ಅದು. ಆ ಐದನೇ ಅಕ್ಷರ ಎಂಬಿಟಿಐ ಒಳಗ ಇಲ್ಲವೇ ಇಲ್ಲ. ಎಂಬಿಟಿಐ ಅನ್ನೋದು ರೊಕ್ಕ ಕೊಟ್ಟು ತಗೊಳ್ಳೋ ಟ್ರೇಡ್‌ಮಾರ್ಕ್ ಸಾಮಾನು. ಅದರ ಫಾರ್ಮ್ ಎಂ ಒಳಗ 93 ಪ್ರಶ್ನಿ ಅದಾವ.

ಹುಟ್ಟಿದ ಕಥಿ ಅಂದ್ರ: ಎರಡನೇ ಮಹಾಯುದ್ಧದ ಟೈಮಿನಾಗ ಅಮೆರಿಕಾದ ಕ್ಯಾಥರಿನ್ ಬ್ರಿಗ್ಸ್, ಆಕಿ ಮಗಳು ಇಸಾಬೆಲ್ ಬ್ರಿಗ್ಸ್ ಮೈಯರ್ಸ್ ಕೂಡಿ ಕಟ್ಟಿದ್ದು. ಮನಶ್ಶಾಸ್ತ್ರಜ್ಞ ಕಾರ್ಲ್ ಯೂಂಗ್ 1921ರಾಗ ಟೈಪುಗಳ ಬಗ್ಗೆ ಬರದಿದ್ದನ್ನ ಅಡಿಪಾಯ ಮಾಡ್ಕೊಂಡ್ರು, ಜೆ–ಪಿ ಜೋಡಿ ತಾವ ಸೇರಿಸಿದ್ರು. ಇನ್ನೊಂದು ಮಾತು, ನೌಕರಿಗೆ ಆಳು ಆರಿಸಾಕ ಇದನ್ನ ಬಳಸಬ್ಯಾಡ್ರಿ ಅಂತ ಅದನ್ನ ಮಾರೋ ಕಂಪನಿನ ಹೇಳ್ತೈತಿ. ಆದ್ರೂ ಕೆಲವು ಕಡೆ ಇಂಟರ್‌ವ್ಯೂದಾಗ ‘ನಿಮ್ಮ ಟೈಪ್ ಯಾವುದು’ ಅಂತ ಕೇಳ್ತಾರ.

ಕ್ಯಾಂಟೀನ್ ಕಾಫಿ
ಬಣ್ಣದ ಚಕ್ರ ಅಂದ್ರೆ ಡಿಸ್ಕ್ ಇರಬೇಕು. ಡಿ ಮೇಲುಗೈ, ಐ ಪ್ರಭಾವ, ಎಸ್ ಸ್ಥಿರತೆ, ಸಿ ಅಚ್ಚುಕಟ್ಟು, ಒಂದೊಂದಕ್ಕೆ ಒಂದೊಂದು ಬಣ್ಣ. ಎಚ್‌ಆರ್ ಟ್ರೈನಿಂಗ್‌ಗಳಲ್ಲಿ ಇದರದ್ದೇ ಹಾವಳಿ. ಮೂಲ ಕಲ್ಪನೆ ವಿಲಿಯಂ ಮಾರ್ಸ್ಟನ್ ಅನ್ನೋ ಮನಶ್ಶಾಸ್ತ್ರಜ್ಞನದ್ದು, 1928. ಅವನು ಟೆಸ್ಟ್ ಮಾಡಲಿಲ್ಲ, ಅದನ್ನ ಆಮೇಲೆ ಬೇರೆಯವರು ಮಾಡಿದ್ರು. ಅವನು ಮಾಡಿದ್ದು ಏನು ಗೊತ್ತಾ? 1941ರಲ್ಲಿ ವಂಡರ್ ವುಮನ್!

ಕಡ್ಲೆಕಾಯ್
ಆ ಹಗ್ಗ ಕಟ್ಟಿದ್ರೆ ನಿಜ ಬಾಯಿ ಬಿಡಿಸೋ ಹೆಂಗಸಾ? ಹಾಗಾದ್ರೆ ಟೆಸ್ಟ್ ಬದಲು ಹಗ್ಗನೇ ಕೊಡಬಹುದಿತ್ತು.

ಕ್ಯಾಂಟೀನ್ ಕಾಫಿ
ಸುಳ್ಳು ಪತ್ತೆಗೆ ರಕ್ತದೊತ್ತಡ ಅಳೆಯೋ ವಿಧಾನ ಹುಡುಕಿದವನೂ ಅವನೇ ಗುರು. ಹಗ್ಗ ಸುಮ್ನೆ ಬಂದಿದ್ದಲ್ಲ.

ಸೊಪ್ಪಿನಸಾರು
ವಿಷಯಕ್ಕೆ ಬರೋಣ. ‘ಯಾವುದು ನಂಬಬಹುದು’ ಅಂದ್ರೆ ಸಂಶೋಧನೆಯಲ್ಲಿ ಹೆಚ್ಚು ಬಳಕೆಯಲ್ಲಿರೋದು ಬಿಗ್ ಫೈವ್. ಟೈಪ್ ಇಲ್ಲ, ಐದು ಗೆರೆಗಳ ಮೇಲೆ ನೀವು ಎಲ್ಲಿದ್ದೀರಿ ಅನ್ನೋ ಅಂಕ ಮಾತ್ರ: ಹೊಸದಕ್ಕೆ ಮನಸ್ಸು ಎಷ್ಟು ತೆರೆದಿದೆ, ಶಿಸ್ತು–ಅಚ್ಚುಕಟ್ಟು ಎಷ್ಟು, ಹೊರಮುಖತೆ ಎಷ್ಟು, ಹೊಂದಿಕೊಂಡು ಹೋಗೋ ಗುಣ ಎಷ್ಟು, ಮನಸ್ಸಿನ ತಳಮಳ ಎಷ್ಟು. ಎಂಬಿಟಿಐನ ನಾಲ್ಕು ಜೋಡಿಗಳೂ ಇದರಲ್ಲಿ ನಾಲ್ಕರ ಜೊತೆ ತಾಳೆ ಆಗ್ತವೆ ಅಂತ ಮೆಕ್‌ಕ್ರೇ ಮತ್ತು ಕೋಸ್ಟಾ 1989ರಲ್ಲೇ ತೋರಿಸಿದ್ರು. ತಾಳೆ ಆಗದೆ ಉಳಿದಿದ್ದು ತಳಮಳ. ಎಂಬಿಟಿಐ ಓದಿದವರೆಲ್ಲ ಖುಷಿಯಾಗಿ ಏಳೋದಕ್ಕೆ ಇದೂ ಒಂದು ಕಾರಣ, ಅದರಲ್ಲಿ ಕಹಿ ರಿಸಲ್ಟೇ ಇಲ್ಲ.

ದುಡ್ಡು ಕೊಡಬೇಕಿಲ್ಲ. ಲೂಯಿಸ್ ಗೋಲ್ಡ್‌ಬರ್ಗ್ ಶುರು ಮಾಡಿದ ಐಪಿಐಪಿ ಅನ್ನೋ ಪ್ರಶ್ನೆಗಳ ಕಣಜ ಇದೆ, ಯಾರು ಬೇಕಾದರೂ ಬಳಸಬಹುದು. ಅದರಲ್ಲಿ 20, 50, 120, 300 ಪ್ರಶ್ನೆಗಳ ಪಟ್ಟಿಗಳಿವೆ. 20ರದ್ದು ಬರೀ ಅಂದಾಜಿಗೆ. ದಾರಿ ಆರಿಸೋ ಮಟ್ಟದ ಯೋಚನೆಗೆ 120ರದ್ದು ತಗೊಳ್ಳಿ, ಅದರಲ್ಲಿ ಒಂದೊಂದು ಗುಣದ ಒಳಗೂ ಆರಾರು ಉಪಗುಣ, ಒಟ್ಟು 30 ಸಿಗ್ತವೆ. ಕೆಲಸಕ್ಕೆ ಬರೋದು ಆ 30. ‘ಶಿಸ್ತು’ ಒಟ್ಟು ಅಂಕ ನಡುವೆ ಇದ್ದವರಲ್ಲಿ ಕೆಲವರ ಒಳಗೆ ಹೊಕ್ಕು ನೋಡಿದರೆ ಮಹತ್ವಾಕಾಂಕ್ಷೆ ಮೇಲಿರತ್ತೆ, ಒಪ್ಪಓರಣ ತಳದಲ್ಲಿರತ್ತೆ. ಒಟ್ಟು ಅಂಕ ಇದನ್ನ ಮುಚ್ಚಿಬಿಡತ್ತೆ.

ಕೈಯಲ್ಲಿ ಅಂಕ ಹಾಕೋರು ಎಡವೋ ಜಾಗ ಒಂದಿದೆ. 20ರ ಪಟ್ಟಿಯಲ್ಲಿ ಹೊರಮುಖತೆಗೆ ನಾಲ್ಕು ವಾಕ್ಯ, ಪ್ರತಿಯೊಂದಕ್ಕೂ 1ರಿಂದ 5:
ಪಾರ್ಟಿಗೆ ಕಳೆ ತರೋದೇ ನಾನು: 4
ನಾನು ಹೆಚ್ಚು ಮಾತಾಡಲ್ಲ: 2
ಪಾರ್ಟಿಗಳಲ್ಲಿ ಬೇರೆ ಬೇರೆಯವರ ಜೊತೆ ಮಾತಾಡ್ತೀನಿ: 5
ನಾನು ಹಿಂದೆಯೇ ಉಳಿಯೋನು: 1

ಎರಡನೇದು, ನಾಲ್ಕನೇದು ಉಲ್ಟಾ ವಾಕ್ಯಗಳು. ಅವನ್ನ 6ರಿಂದ ಕಳೀಬೇಕು: 2 ಹೋಗಿ 4, 1 ಹೋಗಿ 5. ಮೊತ್ತ 4+4+5+5 = 18. ತಿರುಗಿಸೋದು ಮರೆತರೆ 4+2+5+1 = 12. ಎದ್ದು ಕಾಣೋ ಹೊರಮುಖಿ ಕಾಗದದ ಮೇಲೆ ‘ನಡುವಿನವನು’ ಆಗಿಬಿಟ್ಟ. ಎಲ್ಲ ಅಂಕವೂ ನಡುವೆಯೇ ಬಂತು ಅನ್ನೋರು ಮೊದಲು ಇದನ್ನ ನೋಡಿ.

ಮಂಗ್ಳೂರ್ ಬನ್ಸ್
ಆ ಪಾರ್ಟಿ ಪ್ರಶ್ನೆಯೇ ದೊಡ್ಡ ತಲೆನೋವು ಮಾರಾಯ್ರೆ. ನಾಲ್ಕರಲ್ಲಿ ಎರಡು ಪಾರ್ಟಿಯದ್ದೇ ಉಂಟು! ನಮ್ಮಲ್ಲಿ ಪಾರ್ಟಿ ಅಂದ್ರೆ ಒಂದೋ ಬಾಟ್ಲಿ, ಇಲ್ಲ ಇಲೆಕ್ಷನ್. ಎರಡಕ್ಕೂ ಹೋಗದವರು 1 ಹಾಕ್ತಾರೆ, ಆಮೇಲೆ ಸೈಟಿನವರು ‘ನೀವು ಒಳಮುಖಿ’ ಹೇಳ್ತಾರೆ. ಬಸ್ಸಿನಲ್ಲಿ ಪಕ್ಕ ಕೂತವರ ಕುಟುಂಬದ ಚರಿತ್ರೆ ಪೂರ್ತಿ ತಿಳ್ಕೊಂಡೇ ಇಳಿಯುವ ಜನ ಅವರು!

ಪಾರ್ಟಿ ತೆಗೆದು ‘ಮದುವೆ ಮನೆ’ ಅಂತ ಹಾಕಿದ್ರೂ ಆಗುದಿಲ್ಲ. ಮದುವೆ ಮನೆಯಲ್ಲಿ ಮಾತಾಡುದು ಕರ್ತವ್ಯ. ಸುಮ್ಮನೆ ಕೂತ್ರೆ ಜಂಬ ಅಂತಾರೆ, ಹಾಗಾಗಿ ಎಂಥ ಮೌನಿಯೂ ಹತ್ತು ಜನರ ಹತ್ರ ‘ಊಟ ಆಯ್ತಾ’ ಕೇಳಿಯೇ ಬರ್ತಾನೆ. ಅದೇ ರೀತಿ ‘ಸಂಕೋಚ’. ಇಂಗ್ಲಿಷಿನಲ್ಲಿ ಅದು ಕೊರತೆ, ನಮ್ಮ ಮನೆಗಳಲ್ಲಿ ಅರ್ಧ ಗುಣ. ‘ಸಂಕೋಚದ ಹುಡುಗಿ’ ಅಂದ್ರೆ ಬೈದದ್ದಾ, ಹೊಗಳಿದ್ದಾ? ‘ಗುರುತಿಲ್ಲದವರ ಹತ್ರ ನೀವಾಗಿಯೇ ಮಾತು ಶುರು ಮಾಡ್ತೀರಾ’ ಅಂತ ಕೇಳಿದ್ರೆ ಸ್ವಲ್ಪ ಹತ್ತಿರ ಬರ್ತದೆ.

ಅಂಕಿಅಜ್ಜ
ಬನ್ಸ್ ಹೇಳಿದ್ದು ಸರಿ. ಆದರೆ ವಾಕ್ಯ ಬದಲಾಯಿಸಿದ ಮೇಲೆ ಆ ಸೈಟಿನ ಶೇಕಡಾವಾರು ಸ್ಥಾನದ ಜೊತೆ ಹೋಲಿಸಬೇಡಿ. ಅವರ ಹೋಲಿಕೆಯ ಗುಂಪು ಮೂಲ ಇಂಗ್ಲಿಷ್ ವಾಕ್ಯಕ್ಕೆ ಉತ್ತರಿಸಿದವರು. ನಿಮ್ಮ ತಿದ್ದಿದ ಪಟ್ಟಿ ನಿಮ್ಮ ಐದು ಗುಣಗಳಲ್ಲಿ ಯಾವುದು ಮೇಲೆ, ಯಾವುದು ಕೆಳಗೆ ಅಂತ ಅಂದಾಜಿಸೋಕೆ ಮಾತ್ರ.

ಆ ಸ್ಥಾನದ ಅರ್ಥವನ್ನೂ ಜನ ತಪ್ಪು ತಿಳೀತಾರೆ. ‘ಶಿಸ್ತು 30’ ಅಂದ್ರೆ ನೂರಕ್ಕೆ ಮೂವತ್ತು ಮಾರ್ಕ್ಸ್, 35 ಬಂದಿಲ್ಲ, ಫೇಲ್ ಅಂತಲ್ಲ. ಹೋಲಿಸಿದ ಗುಂಪಿನಲ್ಲಿ ನೂರಕ್ಕೆ ಸುಮಾರು 30 ಜನ ನಿಮಗಿಂತ ಕೆಳಗೆ, 70 ಜನ ಮೇಲೆ. ಗುಂಪು ಯಾವುದು ಅಂತ ರಿಪೋರ್ಟಿನಲ್ಲಿ ಬರೆದಿರಬೇಕು. ನಲವತ್ತೈದರ ಅಮೆರಿಕನ್ನರ ಜೊತೆ ಇಪ್ಪತ್ತೊಂದರ ಹುಡುಗನನ್ನ ಹೋಲಿಸಿದರೆ ಶಿಸ್ತು ಕಡಿಮೆ, ತಳಮಳ ಜಾಸ್ತಿ ಕಾಣೋದು ಸಹಜ. ವಯಸ್ಸಾಗ್ತಾ ಸರಾಸರಿಯಲ್ಲಿ ಶಿಸ್ತು ಏರತ್ತೆ, ತಳಮಳ ಇಳಿಯತ್ತೆ.

ಇನ್ನು ಅಂಕದ ಅಲುಗಾಟ. ಸರಾಸರಿ 50, ವಿಚಲನೆ (ಜನರ ಅಂಕ ಸರಾಸರಿಯಿಂದ ಎಷ್ಟು ಹರಡಿದೆ ಅನ್ನೋದು) 10 ಇರೋ ಅಳತೆಯಲ್ಲಿ ನಿಮಗೆ 55 ಬಂತು, ಟೆಸ್ಟಿನ ವಿಶ್ವಾಸಾರ್ಹತೆ (ಮತ್ತೆ ಅಳೆದರೂ ಅದೇ ಬರೋ ಗಟ್ಟಿತನ, ಗರಿಷ್ಠ 1) 0.8 ಅಂತಿಟ್ಟುಕೊಳ್ಳಿ. ಅಳತೆಯ ದೋಷ = 10 × √(1−0.8), ಸುಮಾರು 4.5. ಅದರ ಎರಡರಷ್ಟು ಆ ಕಡೆ ಈ ಕಡೆ ಬಿಡಬೇಕು. ಅಂದ್ರೆ 46ರಿಂದ 64ರವರೆಗೆ ಎಲ್ಲಿ ಬೇಕಾದರೂ ನೀವಿರಬಹುದು. ಸರಾಸರಿಗಿಂತ ಮೇಲಿದ್ದೀರಿ ಅಂತ ಕೂಡ ಗಟ್ಟಿಯಾಗಿ ಹೇಳೋಕಾಗಲ್ಲ. 70 ಬಂದರೆ ಮಾತು ಬೇರೆ.

ಗೊಂದಲಪುರ
ಅಜ್ಜಾ, ಶಿಸ್ತು 30 ಅಂದ್ರೆ ಫೇಲ್ ಅಂತಲೇ ಓದಿಕೊಂಡಿದ್ದೆ. ಥ್ಯಾಂಕ್ಸ್. ತಗೊಳ್ಳೋ ವಿಧಾನ ಸ್ವಲ್ಪ ಹೇಳ್ತೀರಾ?

ಸೊಪ್ಪಿನಸಾರು
ಪರೀಕ್ಷೆ ವಾರ, ಜಗಳ ಆದ ದಿನ, ರಾತ್ರಿ ಹನ್ನೊಂದರ ಮೇಲೆ ಬೇಡ. ತಳಮಳದ ಅಂಕ ಸುಮ್ಮನೆ ಏರತ್ತೆ. ಬೆಳಿಗ್ಗೆ ಕೂತು ಕಳೆದ ಎರಡು ವರ್ಷದ ‘ಸಾಮಾನ್ಯ ನೀವು’ ಹೇಗೆ ಅಂತ ಉತ್ತರಿಸಿ. ಹೇಗಿರಬೇಕು ಅಂತ ಆಸೆಯೋ ಅದನ್ನಲ್ಲ. ಪ್ರತಿ ವಾಕ್ಯಕ್ಕೂ ಒಂದು ಘಟನೆ ನೆನಪಾಗಬೇಕು. ‘ಕೆಲಸವನ್ನ ತಕ್ಷಣ ಮಾಡಿ ಮುಗಿಸ್ತೀನಿ’ಗೆ 4 ಹಾಕೋ ಮುಂಚೆ ಹಿಂದಿನ ಮೂರು ಅಸೈನ್‌ಮೆಂಟ್ ಯಾವತ್ತು ಕೊಟ್ಟಿರಿ, ನೋಡಿ. ಎರಡೂ ಅಲ್ಲದ 3 ಮೇಲೆ ಮೇಲೆ ಬರ್ತಿದ್ದರೆ ನಿಲ್ಲಿಸಿ, ಅದು ದಣಿವು.

ಎರಡು ವಾರ ಬಿಟ್ಟು ಮತ್ತೊಮ್ಮೆ ತಗೊಳ್ಳಿ, ಹಳೇ ರಿಸಲ್ಟ್ ನೋಡದೆ. ಎರಡೂ ಸಲ ಒಂದೇ ಕಡೆ ವಾಲಿದ ಗುಣಗಳನ್ನ ಮಾತ್ರ ಬರೆದಿಟ್ಟುಕೊಳ್ಳಿ. ಅಕ್ಕಪಕ್ಕ ಕುಣಿದಾಡಿದ್ದನ್ನ ಬಿಡಿ.

ಭಾಗ್ಯದ ಬಾಗಿಲು
ಇಷ್ಟೆಲ್ಲ ತಲೆ ಕೆಡಿಸಿಕೊಳ್ಳೋ ಬದಲು ಡಿಎಂಐಟಿ ಮಾಡಿಸಿ ಸರ್. ಹತ್ತು ಬೆರಳು ಸ್ಕ್ಯಾನ್ ಮಾಡ್ತಾರೆ, ಪ್ರಶ್ನೆನೇ ಇಲ್ಲ, ಹಾಗಾಗಿ ಸುಳ್ಳು ಹೇಳೋಕೆ ಆಗಲ್ಲ. ಹುಟ್ಟಿದಾಗಿಂದ ಬದಲಾಗಲ್ಲ, ಮಕ್ಕಳಿಗೂ ಮಾಡಿಸಬಹುದು.

ಚಾಕ್‌ಪೀಸ್
ಬದಲಾಗಲ್ಲ ಅನ್ನೋದು ಬೆರಳಚ್ಚಿಗೆ ನಿಜ. ಆದರೆ ಬೆರಳಿನ ಸುಳಿ ನೋಡಿ ಬುದ್ಧಿಯ ಬಗೆ ಹೇಳಬಹುದು ಅನ್ನೋದಕ್ಕೆ ಆಧಾರ ಇಲ್ಲ. ಡಿಎಂಐಟಿಗೆ ವೈಜ್ಞಾನಿಕ ಬುಡವಿಲ್ಲ ಅಂತ ಇಂಡಿಯನ್ ಸೈಕಿಯಾಟ್ರಿಕ್ ಸೊಸೈಟಿ 2019ರಲ್ಲೇ ಹೇಳಿಕೆ ಕೊಟ್ಟಿದೆ. ಆ ರಿಪೋರ್ಟುಗಳಲ್ಲಿ ಹೊವಾರ್ಡ್ ಗಾರ್ಡ್‌ನರ್ ಹೆಸರು ಹಾಕ್ತಾರೆ. ಬಹುವಿಧ ಬುದ್ಧಿಶಕ್ತಿ ಅನ್ನೋ ಅವರ ಸಿದ್ಧಾಂತ 1983ರದ್ದು, ಅದರಲ್ಲಿ ಬೆರಳಚ್ಚಿನ ಸೊಲ್ಲೇ ಇಲ್ಲ. ಎಲ್‌ಕೆಜಿ ಮಗುವಿನ ಬೆರಳು ನೋಡಿ ‘ಕಾಮರ್ಸ್ ಬೇಡ’ ಅಂತ ಬರೆದ ರಿಪೋರ್ಟನ್ನ ಹತ್ತು ವರ್ಷ ಫೈಲಲ್ಲಿಟ್ಟುಕೊಳ್ಳೋ ತಂದೆತಾಯಿ ಇದ್ದಾರಲ್ಲ, ಬೇಜಾರು ಅದಕ್ಕೆ.

ಭಾಗ್ಯದ ಬಾಗಿಲು
ಆದರೆ ರಿಪೋರ್ಟ್ ಓದಿದ ಪೇರೆಂಟ್ಸ್ ಎಲ್ಲರೂ ‘ನಮ್ಮ ಮಗು ಥೇಟ್ ಹಿಂಗೇ’ ಅಂತಾರಲ್ಲ, ಅದು ಹೇಗೆ?

ಅಂಕಿಅಜ್ಜ
1948ರಲ್ಲಿ ಬರ್ಟ್ರಮ್ ಫೋರರ್ ಅನ್ನೋ ಮೇಷ್ಟ್ರು 39 ವಿದ್ಯಾರ್ಥಿಗಳಿಗೆ ಟೆಸ್ಟ್ ಕೊಟ್ಟು, ವಾರದ ಮೇಲೆ ‘ನಿನ್ನದೇ’ ಅಂತ ಒಬ್ಬೊಬ್ಬರಿಗೂ ವಿವರಣೆ ಹಂಚಿದರು. ಎಷ್ಟು ಸರಿಯಾಗಿದೆ ಅಂತ 5ಕ್ಕೆ ಅಂಕ ಹಾಕಿ ಅಂದರು. ಸರಾಸರಿ 4.26 ಬಂತು. ಎಲ್ಲರಿಗೂ ಕೊಟ್ಟಿದ್ದು ಒಂದೇ ಹಾಳೆ, ಅದರ ವಾಕ್ಯಗಳು ಬಹುಪಾಲು ಜ್ಯೋತಿಷ್ಯದ ಪುಸ್ತಕದವು. ‘ಕೆಲವೊಮ್ಮೆ ಜನರೊಂದಿಗೆ ಬೆರೆಯುತ್ತೀರಿ, ಕೆಲವೊಮ್ಮೆ ಒಂಟಿಯಾಗಿರಲು ಬಯಸುತ್ತೀರಿ’ ಅಂದ್ರೆ ಯಾರು ಇಲ್ಲ ಅಂತಾರೆ?

ಪರೀಕ್ಷೆ ಸುಲಭ: ನಿಮ್ಮ ರಿಪೋರ್ಟಿನ ಹೆಸರು ಅಳಿಸಿ, ಇನ್ನಿಬ್ಬರ ರಿಪೋರ್ಟ್ ಜೊತೆ ಕಲಸಿ, ನಿಮ್ಮನ್ನ ಚೆನ್ನಾಗಿ ಬಲ್ಲವರ ಕೈಗೆ ಕೊಡಿ. ನಿಮ್ಮದು ಯಾವುದು ಅಂತ ಅವರು ಆರಿಸೋಕಾಗದಿದ್ದರೆ ಆ ರಿಪೋರ್ಟಿನಲ್ಲಿ ನೀವಿಲ್ಲ.

ಗಿರ್ಮಿಟ್ ಗೌಡ್ರು
ಹಂಗಂದ್ರ ಪಂಚಾಂಗದ ರಾಶಿಫಲಕ್ಕೂ ಇದ ಮದ್ದು ನೋಡ್ರಿ. ರಾಶಿ ಹೆಸರು ಮುಚ್ಚಿ ಹನ್ನೆರಡೂ ಓದಸ್ರಿ.

ಕ್ಯಾಂಟೀನ್ ಕಾಫಿ
ಗೀತೆಯಲ್ಲಿ ಸತ್ತ್ವ, ರಜಸ್ಸು, ತಮಸ್ಸು ಅಂತ ಇಲ್ವಾ? ಊಟ ನೋಡಿ ಗುಣ ಹೇಳ್ತಾರೆ 17ನೇ ಅಧ್ಯಾಯದಲ್ಲಿ. ಅದೂ ಒಂಥರಾ ಪರ್ಸನಾಲಿಟಿ ಟೆಸ್ಟೇ.

ಕಡ್ಲೆಕಾಯ್
ಮಿರ್ಚಿ ಬಜ್ಜಿ ತಿನ್ನೋರು ರಾಜಸ, ಸರ್ಟಿಫಿಕೇಟ್ ಬೇಕಿಲ್ಲ.

ಮಾಡರೇಟರ್
ರಾಶಿ, ಬಜ್ಜಿ ಎರಡಕ್ಕೂ ಬೇರೆ ಎಳೆಗಳಿವೆ.

ಚಾಕ್‌ಪೀಸ್
ಗೊಂದಲಪುರ ಅವರ ಕೊನೇ ಪ್ರಶ್ನೆ ಹಾಗೇ ಉಳಿದಿದೆ: ರಿಸಲ್ಟ್‌ನಿಂದ ಕೆಲಸಕ್ಕೆ. ಇಲ್ಲಿ ಮೂರು ಬೇರೆ ಬೇರೆ ವಸ್ತುಗಳನ್ನ ಒಂದೇ ಚೀಲಕ್ಕೆ ತುಂಬ್ತಿದ್ದೀವಿ. ನೀವು ಹೇಗೆ ನಡ್ಕೊಳ್ತೀರಿ ಅನ್ನೋದು ಸ್ವಭಾವ. ಯಾವ ಕೆಲಸ ಮಾಡೋಕೆ ಮನಸ್ಸು ಬರತ್ತೆ ಅನ್ನೋದು ಆಸಕ್ತಿ. ಏನು ಕೈಗೆ ಹತ್ತತ್ತೆ ಅನ್ನೋದು ಸಾಮರ್ಥ್ಯ. ಕೆಲಸ ಆರಿಸೋಕೆ ಮೊದಲು ನೋಡಬೇಕಾದ್ದು ಆಸಕ್ತಿ, ಆಮೇಲೆ ಸಾಮರ್ಥ್ಯ. ಸ್ವಭಾವ ಬರೋದು ಮೂರನೇದಾಗಿ, ಆ ಕೆಲಸವನ್ನ ಯಾವ ಥರದ ಜಾಗದಲ್ಲಿ ಮಾಡಬೇಕು ಅನ್ನೋದಕ್ಕೆ. ಒಳಮುಖಿ ಮೇಷ್ಟ್ರು ಆಗಬಾರದು ಅಂತಿಲ್ಲ. 80 ಮಕ್ಕಳ ಪಿಯು ಸೆಕ್ಷನ್‌ಗಿಂತ ಲ್ಯಾಬ್ ಬ್ಯಾಚ್ ಅವರಿಗೆ ಹಿತ, ಅಷ್ಟೆ.

ಸ್ವಭಾವದಿಂದ ಕೆಲಸದ ಯಶಸ್ಸು ಊಹಿಸೋಕೆ ಹೋದರೆ ಸಿಗೋದೂ ಕಡಿಮೆ. ಐದರಲ್ಲಿ ಎಲ್ಲ ಬಗೆಯ ಕೆಲಸಕ್ಕೂ ಸಂಬಂಧ ಕಾಣಿಸೋದು ಶಿಸ್ತು. ಅದರದ್ದೂ ಸಹಸಂಬಂಧ (ಎರಡೂ ಎಷ್ಟು ಜೊತೆಜೊತೆಗೆ ಏರ್ತವೆ ಅನ್ನೋ ಅಳತೆ, ಗರಿಷ್ಠ 1) 0.2ರ ಆಸುಪಾಸು. ವರ್ಗ ಮಾಡಿದರೆ 0.04, ಅಂದ್ರೆ ಜನರ ನಡುವಿನ ವ್ಯತ್ಯಾಸದಲ್ಲಿ ಶೇ. 4. ಉಳಿದಿದ್ದು ಬೇರೆ ಬೇರೆ ಕಾರಣ.

ಸಾಮರ್ಥ್ಯಕ್ಕೆ ಶಾಲೆ ಮಟ್ಟದಲ್ಲಿ ‘ತಮನ್ನಾ’ ಇದೆ, ಎನ್‌ಸಿಇಆರ್‌ಟಿ–ಸಿಬಿಎಸ್‌ಇ ಸೇರಿ 9, 10ನೇ ಕ್ಲಾಸಿನವರಿಗೆ ಮಾಡಿದ್ದು. ಭಾಷೆ, ಸಂಖ್ಯೆ, ಯಂತ್ರ, ಆಕಾರ ಹೀಗೆ ಏಳು ಭಾಗ, ಪಾಸು–ಫೇಲು ಇಲ್ಲ. ಎಸ್‌ಎಸ್‌ಎಲ್‌ಸಿ ಮುಗಿದ ಮೇಲೆ ಪಿಸಿಎಂಬಿನೋ ಡಿಪ್ಲೊಮಾನೋ ಅನ್ನೋ ಜಗಳಕ್ಕೆ ನಾಲ್ಕು ಅಕ್ಷರದ ಟೈಪ್‌ಗಿಂತ ಇದು ಎಷ್ಟೋ ಮೇಲು.

ನ್ಯೂಜೆರ್ಸಿ ನೀರ್‌ದೋಸೆ
ಆಸಕ್ತಿಗೆ ಜಾನ್ ಹಾಲೆಂಡ್ ಅವರ ಆರು ಅಕ್ಷರ, ರಿಯಾಸೆಕ್. ಸಿದ್ಧಾಂತ 1959ರದ್ದು, ಈಗಲೂ ಓಡ್ತಿದೆ. ಆರ್ ಕೈಕೆಲಸ–ಯಂತ್ರ–ಮಣ್ಣು, ಐ ಹುಡುಕಾಟ–ವಿಜ್ಞಾನ, ಎ ಕಲೆ–ಬರಹ, ಎಸ್ ಕಲಿಸೋದು–ಆರೈಕೆ, ಇ ವ್ಯಾಪಾರ–ಮುಂದಾಳತ್ವ, ಸಿ ಲೆಕ್ಕಪತ್ರ–ದಾಖಲೆ. ಇವನ್ನ ಇದೇ ಕ್ರಮದಲ್ಲಿ ಷಟ್ಕೋನದ ಮೂಲೆಗಳಿಗೆ ಬರೀರಿ. ಅಕ್ಕಪಕ್ಕದವು ನಂಟರು. ಎದುರುಬದುರಿನವು, ಅಂದ್ರೆ ಆರ್–ಎಸ್, ಐ–ಇ, ಎ–ಸಿ, ದೂರದವು.

ಅಮೆರಿಕದ ಕಾರ್ಮಿಕ ಇಲಾಖೆಯ ಓ-ನೆಟ್ ಇಂಟರೆಸ್ಟ್ ಪ್ರೊಫೈಲರ್ ಉಚಿತ. 60 ಚಟುವಟಿಕೆ, ಒಂದೊಂದು ಅಕ್ಷರಕ್ಕೆ ಹತ್ತು, ಗರಿಷ್ಠ 40 ಅಂಕ. ಇಟ್ಟಿಗೆ–ಟೈಲ್ಸ್ ಹಾಕೋದು, ಹೊಸ ಔಷಧ ಕಂಡುಹಿಡಿಯೋದು, ಶೇರು ಮಾರೋದು–ಕೊಳ್ಳೋದು, ಈ ಥರ. ಎಷ್ಟು ಇಷ್ಟ ಅಂತ ಮಾತ್ರ 0ರಿಂದ 4ರವರೆಗೆ ಹೇಳಬೇಕು. ಬರತ್ತಾ, ಓದಿದ್ದೀನಾ, ಸಂಬಳ ಎಷ್ಟು ಅಂತ ಯೋಚಿಸಬೇಡಿ ಅಂತ ಸೂಚನೆಯಲ್ಲೇ ಇದೆ. ನಮ್ಮವರು ಎಡವೋದು ಅಲ್ಲೇ. ‘ಇಟ್ಟಿಗೆ ಹಾಕೋದು’ ಅಂತ ಕಂಡ ಕೂಡಲೇ ಗಾರೆ ಕೆಲಸ, ಇಷ್ಟವಿಲ್ಲ. ‘ಔಷಧ’ ಅಂದ ಕೂಡಲೇ ತುಂಬಾ ಇಷ್ಟ. ಮರ್ಯಾದೆಗೆ ಅಂಕ ಹಾಕಿದರೆ ಆರ್ ಸೊನ್ನೆ, ಐ ನಲವತ್ತು ಬರತ್ತೆ. ‘ಅಪ್ಪ–ಅಮ್ಮ, ನೆಂಟರು ಯಾರೂ ನೋಡ್ತಿಲ್ಲ, ಶನಿವಾರ ಮಧ್ಯಾಹ್ನ ಇದನ್ನ ಮಾಡು ಅಂದ್ರೆ ಮಾಡ್ತೀನಾ?’ ಅಂತ ಕೇಳಿಕೊಳ್ಳಿ.

ಮಂಗ್ಳೂರ್ ಬನ್ಸ್
ಕೊನೆಯಲ್ಲಿ ಬರುವ ಕೆಲಸಗಳ ಪಟ್ಟಿ ಅಮೆರಿಕದ್ದಲ್ವಾ? ಇಲ್ಲಿಗೆ ಎಂತ ಮಾಡುದು?

ಚಾಕ್‌ಪೀಸ್
ಪಟ್ಟಿ ಬಿಟ್ಟು ಅಕ್ಷರ ಮಾತ್ರ ಇಟ್ಟುಕೊಳ್ಳಿ, ನಮ್ಮೂರ ಕೆಲಸಗಳಿಗೆ ನೀವೇ ಅಕ್ಷರ ಹಚ್ಚಿ. ಲೈನ್‌ಮನ್ ಆರ್. ಗ್ರಾಮ ಆಡಳಿತ ಅಧಿಕಾರಿ ಸಿ, ಜೊತೆಗೆ ಎಸ್. ಎಲ್‌ಐಸಿ ಏಜೆಂಟ್ ಇ–ಎಸ್. ಮಣ್ಣು ಪರೀಕ್ಷೆ ಲ್ಯಾಬ್ ಐ–ಆರ್. ಯಕ್ಷಗಾನದ ಭಾಗವತರು ಎ, ಮೇಳ ನಡೆಸೋ ಯಜಮಾನರು ಇ. ಒಂದೇ ಚೌಕಿಯಲ್ಲಿ ಎರಡು ಅಕ್ಷರ!

ಮಂಗ್ಳೂರ್ ಬನ್ಸ್
ವೇಷ ಕಟ್ಟುವವರನ್ನು ಬಿಟ್ರಿ. ಕಿರೀಟ, ಭುಜಕೀರ್ತಿಯ ಮರದ ಕೆಲಸ ಮಾಡುವವರು ಆರ್–ಎ. ಅವರಿಲ್ಲದಿದ್ರೆ ಮೇಳವೇ ಇಲ್ಲ.

ಗೊಂದಲಪುರ
ಈಗಷ್ಟೇ ಮಾಡಿದೆ. ಆರೂ 17ರಿಂದ 22ರ ಒಳಗೆ ಬಂದಿವೆ. ಈಗ?

ನ್ಯೂಜೆರ್ಸಿ ನೀರ್‌ದೋಸೆ
ಆಗ ಕೋಡ್ ಬರೀಬೇಡಿ, ಅದಕ್ಕೆ ಅರ್ಥ ಇಲ್ಲ. ಮೇಲಿನದ್ದಕ್ಕೂ ಕೆಳಗಿನದ್ದಕ್ಕೂ ಐದೇ ಅಂಕ ಅಂತರ. ಚಪ್ಪಟೆ ರಿಸಲ್ಟ್‌ಗೆ ಸಾಮಾನ್ಯವಾಗಿ ಎರಡು ಕಾರಣ. ಒಂದೋ ‘ಪರವಾಗಿಲ್ಲ’ ಅನ್ನೋ ನಡುವಿನ ಉತ್ತರ ಜಾಸ್ತಿ ಒತ್ತಿದ್ದೀರಿ, ಇಲ್ಲಾ ಈ 60ರಲ್ಲಿ ಬಹಳಷ್ಟನ್ನ ಕಣ್ಣಾರೆ ನೋಡೇ ಇಲ್ಲ. ನೋಡದೇ ಇರೋ ಕೆಲಸದ ಮೇಲೆ ಆಸಕ್ತಿ ಅಳೆಯೋದು ತಿನ್ನದೇ ಇರೋ ಹಣ್ಣಿನ ರುಚಿ ಹೇಳಿದಂಗೆ. ಮೊದಲನೇದಾದರೆ ನಡುವಿನ ಗುಂಡಿ ಮುಟ್ಟದೆ ಇನ್ನೊಮ್ಮೆ ಮಾಡಿ. ಎರಡನೇದಾದರೆ ಟೆಸ್ಟ್ ಮುಚ್ಚಿಟ್ಟು ಮೂರು ಕೆಲಸ ನೋಡಿ ಬನ್ನಿ.

ನೋಡೋದು ಅಂದ್ರೆ ‘ಸರ್ ನಿಮ್ಮ ಫೀಲ್ಡ್ ಹೇಗಿದೆ’ ಅಂತ ಕೇಳೋದಲ್ಲ. ‘ನಿನ್ನೆ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಗಂಟೆ ಗಂಟೆಗೆ ಏನು ಮಾಡಿದ್ರಿ’ ಅಂತ ಬರೆಸಿಕೊಳ್ಳಿ. ವಕೀಲರ ದಿನದಲ್ಲಿ ಕೋರ್ಟಿನಲ್ಲಿ ವಾದ ಮಾಡಿದ್ದು ಎಷ್ಟು ನಿಮಿಷ, ಕಾದು ಕೂತಿದ್ದು ಎಷ್ಟು, ಫೈಲು ಓದಿದ್ದು ಎಷ್ಟು? ಆಮೇಲೆ ಪ್ರತಿ ಸಾಲಿನ ಎದುರು ಹಾಲೆಂಡ್ ಅಕ್ಷರ ಬರೀರಿ. ಕೆಲಸದ ಹೆಸರು ಇ ಅಂದ್ರೂ ದಿನಚರಿ ಸಿ ಅಂತ ಎಷ್ಟೋ ಸಲ ಗೊತ್ತಾಗತ್ತೆ.

ಎನ್‌ಸಿಸಿ ಬೂಟು
ಇನ್ನೊಂದು ದಾರಿ ಎಸ್‌ಎಸ್‌ಬಿಯಿಂದ ಕದೀಬಹುದು. ಸೇನೆಯ ಅಧಿಕಾರಿಗಳ ಆಯ್ಕೆಗೆ ಬೆಂಗಳೂರಿನ ಸೆಂಟರ್‌ನಲ್ಲೂ ನಡೆಯೋ ಸೈಕಾಲಜಿ ದಿನದ ಲೆಕ್ಕ ಇದು: 12 ಚಿತ್ರಕ್ಕೆ ಕಥೆ, ಕೊನೇದು ಖಾಲಿ ಹಾಳೆ. ಒಂದೊಂದನ್ನೂ 30 ಸೆಕೆಂಡ್ ನೋಡಿ 4 ನಿಮಿಷ ಬರೀಬೇಕು. ಆಮೇಲೆ 60 ಪದ, ಒಂದೊಂದಕ್ಕೂ 15 ಸೆಕೆಂಡಲ್ಲಿ ಒಂದು ವಾಕ್ಯ. 60 ಸನ್ನಿವೇಶ, ಅಲ್ಲಿ ನೀವೇನು ಮಾಡ್ತೀರಿ ಅಂತ ಬರೆಯೋಕೆ 30 ನಿಮಿಷ. ಕೊನೆಗೆ ಸೆಲ್ಫ್ ಡಿಸ್ಕ್ರಿಪ್ಷನ್, 15 ನಿಮಿಷ: ತಂದೆತಾಯಿ ನಿಮ್ಮ ಬಗ್ಗೆ ಏನಂತಾರೆ, ಮೇಷ್ಟ್ರುಗಳು, ಸ್ನೇಹಿತರು ಏನಂತಾರೆ, ನೀವೇನಂತೀರಿ, ಮುಂದೆ ಹೇಗಾಗಬೇಕು ಅಂತಿದ್ದೀರಿ.

ಕೋಚಿಂಗ್‌ನವರು ಇದಕ್ಕೂ ಸಿದ್ಧ ಉತ್ತರ ಬಾಯಿಪಾಠ ಮಾಡಿಸ್ತಾರೆ, ಅದರಿಂದಲೇ ಕೆಡೋದು. ಕಥೆಯಲ್ಲಿ ವೀರ, ಸೆಲ್ಫ್ ಡಿಸ್ಕ್ರಿಪ್ಷನ್‌ನಲ್ಲಿ ಸಾಧು, ಮರುದಿನ ಗ್ರೌಂಡಿನ ಗುಂಪು ಕೆಲಸದಲ್ಲಿ ಬಾಯೇ ಬಿಡಲ್ಲ. ಸೇನೆಗೆ ಹೋಗದವರೂ ಕೊನೇ ಭಾಗ ಮಾಡಬಹುದು, ಆದರೆ ಊಹಿಸಿ ಬರೀದೆ ನಿಜವಾಗಿ ಕೇಳಿ. ‘ನಾನು ಹೇಗೆ’ ಅಂತ ಕೇಳಿದರೆ ‘ಒಳ್ಳೆಯವನು’ ಅಂತಾರೆ. ‘ನನಗೆ ಯಾವ ಕೆಲಸ ಒಪ್ಪಿಸೋಕೆ ನಿಮಗೆ ಧೈರ್ಯ ಬರಲ್ಲ?’ ಅಂತ ಕೇಳಿ.

ಸೊಪ್ಪಿನಸಾರು
ಬೂಟು ಅವರ ಮಾತಿಗೆ ಸೇರಿಸ್ತೀನಿ. ಎಲ್ಲ ಗುಣಕ್ಕೂ ಬೇರೆಯವರೇ ಉತ್ತಮ ಸಾಕ್ಷಿ ಅಲ್ಲ. ಮನಶ್ಶಾಸ್ತ್ರಜ್ಞೆ ಸಿಮಿನ್ ವಜೀರ್ 2010ರಲ್ಲಿ ತೋರಿಸಿದ ಪ್ರಕಾರ ಒಳಗಿನ ಆತಂಕದಂಥದ್ದು ನಮಗೇ ಚೆನ್ನಾಗಿ ಗೊತ್ತು. ಬುದ್ಧಿ, ಸೃಜನಶೀಲತೆ ಥರ ನಮ್ಮ ಹೆಮ್ಮೆಗೆ ತಗಲೋ ಗುಣಗಳಲ್ಲಿ ಸ್ನೇಹಿತರ ಅಂದಾಜು ನಮ್ಮದಕ್ಕಿಂತ ಸರಿ. ಮಾತುಗಾರಿಕೆ ಇಬ್ಬರಿಗೂ ಕಾಣತ್ತೆ. ಹಾಗಾಗಿ ‘ನಾನು ಕ್ರಿಯೇಟಿವ್’ ಅನ್ನೋ ಸಾಲನ್ನ ಮೂರು ಜನರ ಹತ್ತಿರ ರುಜು ಹಾಕಿಸಿಕೊಳ್ಳಿ.

ಇನ್ನೊಂದು ಗಂಭೀರ ಮಾತು. ತಳಮಳದ ಅಂಕ ಮೇಲೆ ಬಂತು ಅಂದ್ರೆ ಕಾಯಿಲೆ ಅಲ್ಲ, ಅದನ್ನ ಹೇಳೋಕೆ ಈ ಪಟ್ಟಿಗಳನ್ನ ಮಾಡಿಲ್ಲ. ಆದರೆ ವಾರಗಟ್ಟಲೆ ನಿದ್ದೆ, ಊಟ, ಓದು ಯಾವುದೂ ಸರಿಯಾಗ್ತಿಲ್ಲ ಅಂದ್ರೆ ಟೆಸ್ಟ್ ಮೇಲೆ ಟೆಸ್ಟ್ ತಗೊಳ್ತಾ ಕೂರಬೇಡಿ. 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್, ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಗೊಂದಲಪುರ
ನಡುವಿನ ಗುಂಡಿ ಮುಟ್ಟದೆ ಮತ್ತೆ ಮಾಡಿದೆ: ಎಸ್ 31, ಐ 29, ಎ 27, ಉಳಿದವು ಹದಿನೈದರ ಕೆಳಗೆ. ಎಸ್ ಮೊದಲೋ ಐ ಮೊದಲೋ?

ನ್ಯೂಜೆರ್ಸಿ ನೀರ್‌ದೋಸೆ
ಎರಡಂಕದ ವ್ಯತ್ಯಾಸಕ್ಕೆ ಮೊದಲು–ಕೊನೆ ಇಲ್ಲ. ಎಸ್‌ಐಎ, ಐಎಸ್‌ಎ ಎರಡನ್ನೂ ಹಾಕಿ ಹುಡುಕಿ, ಎರಡರಲ್ಲೂ ಬರೋ ಕೆಲಸಗಳಿಂದ ಶುರು ಮಾಡಿ. ಎ, ಎಸ್ ಅಕ್ಕಪಕ್ಕ, ಐ, ಎ ಅಕ್ಕಪಕ್ಕ, ಮೂರೂ ಒಂದೇ ಬೀದಿಯವು. ಹುಡುಕೋದು ಸುಲಭ.

ಚಾಕ್‌ಪೀಸ್
ಆ ಬೀದಿಯಲ್ಲಿ ನಮ್ಮ ಕಡೆ ಕಾಣೋ ಮನೆಗಳು: ಹೈಸ್ಕೂಲ್ ವಿಜ್ಞಾನ ಮೇಷ್ಟ್ರು, ಸ್ಪೀಚ್ ಥೆರಪಿ, ಕೌನ್ಸೆಲಿಂಗ್, ಸಾರ್ವಜನಿಕ ಆರೋಗ್ಯ, ವಿಜ್ಞಾನ ಬರವಣಿಗೆ. ಸ್ಪೀಚ್‌ಗೆ ಮೈಸೂರಿನ ಆಯಿಷ್ (ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ) ಇದೆ, ಹೋಗಿ ನೋಡಿ. ಆದರೆ ಅಲ್ಲಿಯ ಬಿಎಎಸ್‌ಎಲ್‌ಪಿ ಅನ್ನೋ ವಾಕ್–ಶ್ರವಣ ಡಿಗ್ರಿ ಪಿಯುಸಿ ಸೈನ್ಸ್ ಆದವರಿಗೆ. ಡಿಗ್ರಿ ಮುಗಿಸಿ ಮತ್ತೆ ಮೊದಲಿಂದ ಕೂರಬೇಕಾಗತ್ತೆ, ಆ ಲೆಕ್ಕವನ್ನೂ ಹಾಕಿ.

ಕಡ್ಲೆಕಾಯ್
ಸುಮ್ನೆ ಆ 20 ಪ್ರಶ್ನೆದು ಮಾಡಿ ನೋಡಿದೆ. ಹೇಳಿದ್ನಲ್ಲ ಬೋಗಸ್ ಅಂತ. ಹೊರಮುಖತೆ 20ಕ್ಕೆ 12 ಬಂದಿದೆ, ನಾನು ನಡುವಿನವನಂತೆ!

ಅಂಕಿಅಜ್ಜ
ಉಲ್ಟಾ ವಾಕ್ಯ ತಿರುಗಿಸಿದ್ಯೇನಪ್ಪ?

ಕಡ್ಲೆಕಾಯ್
ಒಂದ್ನಿಮಿಷ.